ಹಲ್ಲು ನೋಯದಿರುವಾಗಲೇ

ಊರು ಬಿಟ್ಟು ಬೆಂಗಳೂರಿಗೆ ಬಂದು ಮೊದಲ ಕೆಲಸಕ್ಕೆ ಸೇರಿರುವ ತಂಗಿಗೆ,

ನಂಬಬಹುದಾದ, ಕೈಗೆಟುಕುವ ಹಲ್ಲಿನ ಡಾಕ್ಟರನ್ನು ಹುಡುಕುವುದು ಹೇಗೆ ಎಂದು ಯಾರನ್ನೇ ಕೇಳು, ಗೊತ್ತಿರುವವರನ್ನು ವಿಚಾರಿಸು ಎನ್ನುತ್ತಾರೆ. ವಿಚಾರಿಸು, ತಪ್ಪಿಲ್ಲ. ಆದರೆ ನಿನ್ನ ಗೆಳತಿ ಹೇಳಬಲ್ಲದ್ದು ಇಷ್ಟೇ: ನೋವಾಯಿತೋ ಇಲ್ಲವೋ, ಡಾಕ್ಟರು ಚೆನ್ನಾಗಿ ಮಾತಾಡಿಸಿದರೋ ಇಲ್ಲವೋ, ಎಷ್ಟು ಖರ್ಚಾಯಿತು. ಅವಳಿಗೆ ಮಾಡಿದ ರೂಟ್ ಕೆನಾಲ್ ನಿಜಕ್ಕೂ ಬೇಕಿತ್ತೇ ಎನ್ನುವುದು ಅವಳಿಗೂ ತಿಳಿಯದು. ಹಲ್ಲು ಕೆಟ್ಟಿದೆ ಎಂದು ಹೇಳುವವರೂ ಡಾಕ್ಟರೇ, ಅದನ್ನು ಸರಿಮಾಡಿ ಹಣ ಪಡೆಯುವವರೂ ಅವರೇ. ಕೊರೆದು ತುಂಬಿಸಿದ ಮೇಲೆ ಕೆಳಗೇನಿತ್ತು ಎಂದು ತೆಗೆದು ನೋಡಲು ಯಾರಿಂದಲೂ ಆಗದು. ಹೀಗಿರುವಾಗ ಡಾಕ್ಟರ ಮನಸ್ಸಿನ ಒಳ್ಳೆಯತನವನ್ನು ಅಳೆಯುವ ಪ್ರಯತ್ನ ಬಿಡು. ತಮ್ಮ ಮಾತನ್ನು ನೀನು ಪರೀಕ್ಷಿಸಲು ಅವರು ಅವಕಾಶ ಕೊಡುತ್ತಾರೆಯೇ ಎಂದು ನೋಡು. ಅದನ್ನು ನೋಡಲು ಸಮಯ ಬೇಕು. ಆ ಸಮಯ ಇರುವುದು ಹಲ್ಲು ನೋಯದಿರುವಾಗ ಮಾತ್ರ.

ಸ್ವಿಟ್ಜರ್ಲೆಂಡಿನ ಜೂರಿಕ್‌ನಲ್ಲಿ ಅರ್ಥಶಾಸ್ತ್ರಜ್ಞರು ಒಂದು ಪ್ರಯೋಗ ಮಾಡಿ, 2020ರಲ್ಲಿ ಅದರ ಫಲಿತಾಂಶ ಪ್ರಕಟಿಸಿದರು. ಚಿಕಿತ್ಸೆಯ ಅಗತ್ಯವೇ ಇಲ್ಲದ ಒಬ್ಬ ವ್ಯಕ್ತಿಯನ್ನು ರೋಗಿಯಾಗಿ 180 ದಂತವೈದ್ಯರ ಬಳಿಗೆ ಕಳಿಸಿದರು. ನೂರಕ್ಕೆ 28 ಮಂದಿ ಬೇಡದ ಚಿಕಿತ್ಸೆಯನ್ನು ಹೇಳಿದರು. ಅಪಾಯಿಂಟ್‌ಮೆಂಟ್ ಬೇಗ ಸಿಗುವ ಕಡೆ, ಅಂದರೆ ಕುರ್ಚಿ ಹೆಚ್ಚು ಹೊತ್ತು ಖಾಲಿ ಇರುವ ಕಡೆ, ಇಂಥ ಸಲಹೆ ಹೆಚ್ಚಾಗಿತ್ತು. ಅದಕ್ಕೂ ಮೊದಲು, 1997ರಲ್ಲಿ, ಅಮೆರಿಕದ ರೀಡರ್ಸ್ ಡೈಜೆಸ್ಟ್ ಪತ್ರಿಕೆಯ ವರದಿಗಾರರೊಬ್ಬರು ತಮ್ಮ ಒಂದೇ ಬಾಯನ್ನು 50 ದಂತವೈದ್ಯರಿಗೆ ತೋರಿಸಿದ್ದರು. ಅವರಿಗೆ ಸಿಕ್ಕ ಅಂದಾಜು ಖರ್ಚು ಸುಮಾರು 500 ಡಾಲರ್‌ನಿಂದ ಹಿಡಿದು 30,000 ಡಾಲರ್ ಸಮೀಪದವರೆಗೆ ಹೋಗಿತ್ತು. ಅದು ಪರದೇಶದ ಮಾತು, ನಮಗೇಕೆ ಎನ್ನಬಹುದು. ಆದರೆ ಖಾಲಿ ಕುರ್ಚಿಯ ಒತ್ತಡಕ್ಕೆ ದೇಶದ ಗಡಿಯಿಲ್ಲ. ನಮ್ಮ ರಾಜ್ಯದಲ್ಲಿ ನಲವತ್ತಕ್ಕೂ ಹೆಚ್ಚು ದಂತವೈದ್ಯಕೀಯ ಕಾಲೇಜುಗಳಿವೆ. ಕಲಿತು ಹೊರಬಂದವರಲ್ಲಿ ಎಷ್ಟೋ ಜನ ದೊಡ್ಡ ಊರುಗಳಲ್ಲೇ ಬೋರ್ಡು ಹಾಕುತ್ತಾರೆ. ಬಾಡಿಗೆ, ಯಂತ್ರಗಳ ಸಾಲದ ಕಂತು, ಸಹಾಯಕರ ಸಂಬಳ ಪ್ರತಿ ತಿಂಗಳೂ ಕಾದಿರುತ್ತವೆ. ಇಷ್ಟಾದರೂ ಜೂರಿಕ್‌ನಲ್ಲಿ ಮುಕ್ಕಾಲು ಪಾಲಿನ ಆಸುಪಾಸು ವೈದ್ಯರು ಬೇಡದ ಚಿಕಿತ್ಸೆ ಹೇಳಲಿಲ್ಲ ಎಂಬುದನ್ನು ಮರೆಯಬೇಡ. ಪ್ರಾಮಾಣಿಕರೇ ಹೆಚ್ಚು, ಅವರನ್ನು ಗುರುತಿಸುವ ದಾರಿ ನಮಗೆ ಗೊತ್ತಿರಬೇಕು, ಅಷ್ಟೆ.

ಇಬ್ಬರು ಡಾಕ್ಟರು ಬೇರೆ ಬೇರೆ ಹೇಳಿದರೆ ಅವರಲ್ಲೊಬ್ಬರು ಮೋಸಗಾರರು ಎಂದುಕೊಳ್ಳುವುದೂ ಅನ್ಯಾಯ. ಹುಳುಕು ಒಂದೇ ದಿನದಲ್ಲಿ ಗುಳಿಯಾಗುವುದಿಲ್ಲ. ಮೊದಲು ಎನಾಮೆಲ್ ಮೇಲೆ ಸುಣ್ಣದಂಥ ಬಿಳಿ ಮಚ್ಚೆ ಕಾಣುತ್ತದೆ. ಆ ಹಂತದಲ್ಲಿ ಫ್ಲೋರೈಡ್ ಇರುವ ಪೇಸ್ಟು, ಸಿಹಿ ತಿನ್ನುವುದರಲ್ಲಿ ಹಿಡಿತ, ಸರಿಯಾಗಿ ಉಜ್ಜುವುದು ಇವಿಷ್ಟರಿಂದ ಅದನ್ನು ತಡೆಯಬಹುದು, ಕೆಲವೊಮ್ಮೆ ಹಿಂದಕ್ಕೂ ತಿರುಗಿಸಬಹುದು. ಗುಳಿ ಬಿದ್ದ ಮೇಲೆ ಮಾತ್ರ ತುಂಬಿಸದೆ ಗತಿಯಿಲ್ಲ. ಇವೆರಡರ ನಡುವಿನ ಸ್ಥಿತಿಯಲ್ಲಿ ಒಬ್ಬರು ಕಾಯೋಣ ಎನ್ನಬಹುದು, ಇನ್ನೊಬ್ಬರು ಈಗಲೇ ತುಂಬೋಣ ಎನ್ನಬಹುದು. ಇಬ್ಬರೂ ಒಳ್ಳೆಯ ಮನಸ್ಸಿನಿಂದಲೇ ಹೇಳಿರಬಹುದು. ಕಂಡ ಕಲೆಯೆಲ್ಲ ಹುಳುಕೂ ಅಲ್ಲ: ಪಾವಗಡ, ಕೋಲಾರ, ಚಿಕ್ಕಬಳ್ಳಾಪುರದ ಕಡೆ ಕೊಳವೆಬಾವಿಯ ಅತಿಯಾದ ಫ್ಲೋರೈಡ್ ಇರುವ ನೀರು ಕುಡಿದು ಬೆಳೆದವರ ಹಲ್ಲಿನ ಮೇಲಿನ ಕಂದು ಕಲೆ ಹುಳುಕಲ್ಲ. ಅದನ್ನು ಮರೆಮಾಡುವ ಚಿಕಿತ್ಸೆ ಅಂದಕ್ಕಾಗಿ ಮಾತ್ರ. ಆದ್ದರಿಂದ ಯಾವುದೇ ಡಾಕ್ಟರನ್ನು ನೀನು ಕೇಳಬೇಕಾದ ಮುಖ್ಯ ಪ್ರಶ್ನೆ ಇದು: ಆರು ತಿಂಗಳು ಹೀಗೇ ಬಿಟ್ಟರೆ ಏನಾಗುತ್ತದೆ? ಕಾರಣ ಸಹಿತ ಉತ್ತರಿಸುವವರು ನಿನ್ನ ಹಲ್ಲನ್ನು ನೋಡಿಯೇ ಮಾತಾಡುತ್ತಿದ್ದಾರೆ. ಬರೀ ಹೆದರಿಸುವವರ ಕಡೆ ಅವಸರ ಬೇಡ.

ಹಾಗಾಗಿ ನೋವಿಲ್ಲದ ಒಂದು ದಿನ ಬರೀ ತಪಾಸಣೆಗೆಂದು, ಬೇಕಿದ್ದರೆ ಹಲ್ಲಿನ ಕಿಟ್ಟ ತೆಗೆಸುವ ಸ್ಕೇಲಿಂಗಿಗೆಂದು ಹೋಗು. ಸ್ಕೇಲಿಂಗ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ ಎಂಬ ಮಾತು ನಮ್ಮ ಮನೆಗಳಲ್ಲಿ ಇನ್ನೂ ಇದೆ, ಅದನ್ನು ನಂಬಬೇಡ. ಕಿಟ್ಟ ಹೋದಾಗ ಸಂದು ಕಾಣುತ್ತದೆ, ಊದಿದ್ದ ಒಸಡು ಇಳಿಯುತ್ತದೆ, ಹಲ್ಲು ಇದ್ದಂತೆಯೇ ಇರುತ್ತದೆ. ಇಂಥ ಸಣ್ಣ ಕೆಲಸದಲ್ಲೇ ಡಾಕ್ಟರ ರೀತಿ ತಿಳಿದುಬಿಡುತ್ತದೆ. ಎಕ್ಸ್‌ರೇ ತೆಗೆದರೆ ಹುಳುಕು ಎಲ್ಲಿಯವರೆಗೆ ಇಳಿದಿದೆ, ನರದಿಂದ ಎಷ್ಟು ದೂರದಲ್ಲಿದೆ ಎಂದು ಬೆರಳಿಟ್ಟು ತೋರಿಸುತ್ತಾರೆಯೇ? ರೂಟ್ ಕೆನಾಲ್ ಬೇಕು ಎನ್ನುವ ಮೊದಲು ತಣ್ಣನೆಯದನ್ನು ಮುಟ್ಟಿಸಿ ಹಲ್ಲಿಗೆ ಜೀವ ಇದೆಯೇ ಎಂದು ನೋಡುತ್ತಾರೆಯೇ? ಇದನ್ನು ಕೇಳಲು ಕಾರಣವಿದೆ. ನರ ಸತ್ತ ಹಲ್ಲು ನೋಯದೆಯೂ ಇರಬಹುದು, ಆದ್ದರಿಂದ ನೋವಿಲ್ಲ ಎಂದ ಮಾತ್ರಕ್ಕೆ ಡಾಕ್ಟರು ಸುಳ್ಳು ಹೇಳುತ್ತಿದ್ದಾರೆ ಎಂದಾಗದು, ಪರೀಕ್ಷೆಯೇ ಪ್ರಮಾಣ. ಯಾವುದು ಈಗಲೇ ಆಗಬೇಕು, ಯಾವುದು ಕಾಯಬಹುದು, ಯಾವುದು ಅಂದಕ್ಕೆ ಎಂದು ಬೇರೆ ಬೇರೆಯಾಗಿ, ದರದ ಸಮೇತ ಬರೆದುಕೊಡಲು ಕೇಳು. ಎಕ್ಸ್‌ರೇ ಪ್ರತಿಯನ್ನೂ ಕೇಳಿ ಪಡೆ. ದೊಡ್ಡ ಖರ್ಚಿನ ಕೆಲಸವಾದರೆ, ಮೊದಲ ಡಾಕ್ಟರು ಏನೆಂದರು ಎಂದು ಹೇಳದೆ, ಆ ಪ್ರತಿಯನ್ನು ಇನ್ನೊಬ್ಬರಿಗೆ ತೋರಿಸು. ಅದಕ್ಕೆ ಮುನಿಸಿಕೊಳ್ಳದ ಡಾಕ್ಟರ ಬಗ್ಗೆ ನನ್ನ ಗೌರವ ಹೆಚ್ಚು. ಕಾನೂನಿನ ಆಸರೆಯೂ ಇದೆ. ನೋಂದಣಿಯಿಲ್ಲದವರು ಹಲ್ಲಿನ ವೈದ್ಯವೃತ್ತಿ ಮಾಡುವಂತಿಲ್ಲ. ರಾಜ್ಯದ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಕ್ಲಿನಿಕ್ಕಿನ ನೋಂದಣಿಯನ್ನೂ ದರಪಟ್ಟಿಯನ್ನು ಕಾಣುವಂತೆ ಹಾಕುವುದನ್ನೂ ಕೇಳುತ್ತದೆ. ಗೋಡೆಯ ಮೇಲಿನ ಪ್ರಮಾಣಪತ್ರ ಪ್ರಾಮಾಣಿಕತೆಗೆ ಸಾಕ್ಷಿಯಾಗದು ನಿಜ, ಆದರೆ ಅದೂ ಇಲ್ಲದ ಕಡೆ ಕುರ್ಚಿಯಲ್ಲಿ ಕೂರಲೇಬೇಡ.

ಕಡಿಮೆ ದರ ಎಂದರೆ ಪ್ರಾಮಾಣಿಕತೆ ಎಂದು ಲೆಕ್ಕ ಹಾಕಬೇಡ. ತಪಾಸಣೆ ಉಚಿತ ಎಂದು ಬೋರ್ಡು ಹಾಕಿದ ಕ್ಲಿನಿಕ್ಕಿಗೆ ಆದಾಯ ಬರುವುದು ಚಿಕಿತ್ಸೆಯಿಂದ ಮಾತ್ರ. ಸಲಹೆಗೆಂದೇ ಫೀಸು ಪಡೆಯುವವರು ನಿನ್ನನ್ನು ಏನೂ ಮಾಡದೆ ಮನೆಗೆ ಕಳಿಸಿದರೂ ಅವರ ಕೆಲಸಕ್ಕೆ ಬೆಲೆ ಸಿಕ್ಕಿರುತ್ತದೆ. ಆ ಕೆಲವು ನೂರು ರೂಪಾಯಿಯನ್ನು ಮನಸಾರೆ ಕೊಡು. ನಿಜವಾಗಿ ಅಗ್ಗದ ಚಿಕಿತ್ಸೆ ಬೇಕಿದ್ದರೆ ಬೆಂಗಳೂರಿನ ಸರ್ಕಾರಿ ದಂತವೈದ್ಯಕೀಯ ಕಾಲೇಜಿದೆ. ಮೈಸೂರು, ದಾವಣಗೆರೆ, ಧಾರವಾಡ, ಬೆಳಗಾವಿ, ಮಂಗಳೂರಿನಲ್ಲೂ ಕಾಲೇಜು ಆಸ್ಪತ್ರೆಗಳಿವೆ. ವಿದ್ಯಾರ್ಥಿಗಳ ಕೈಗೆ ಬಾಯಿ ಕೊಡುವುದೇ ಎಂದು ಜನ ಹಿಂಜರಿಯುತ್ತಾರೆ. ಅಲ್ಲಿ ಕೆಲಸ ನಿಧಾನ, ಮೂರು ನಾಲ್ಕು ಸಲ ಹೋಗಬೇಕಾದೀತು, ಅರ್ಧ ದಿನ ರಜೆಯೂ ಹೋದೀತು. ಆದರೆ ವಿದ್ಯಾರ್ಥಿ ಮಾಡಿದ್ದನ್ನು ಅಧ್ಯಾಪಕರು ನೋಡುತ್ತಾರೆ. ಹೆಚ್ಚು ಹಲ್ಲು ಕೊರೆದರೆ ಆ ವಿದ್ಯಾರ್ಥಿಯ ಜೇಬಿಗೆ ಏನೂ ಬೀಳುವುದಿಲ್ಲ. ಖಾಸಗಿ ಕ್ಲಿನಿಕ್ಕಿನಲ್ಲಿ ದೊಡ್ಡ ಖರ್ಚು ಹೇಳಿದಾಗ ಎರಡನೇ ಅಭಿಪ್ರಾಯಕ್ಕೆ ಇದಕ್ಕಿಂತ ಒಳ್ಳೆಯ ಜಾಗ ನನಗೆ ತೋರದು. ನಿನ್ನ ಕಂಪನಿಯ ಆರೋಗ್ಯ ವಿಮೆಯ ಮೇಲೆ ಭರವಸೆ ಇಡಬೇಡ. ಅಪಘಾತದ ಗಾಯ ಬಿಟ್ಟರೆ ಹಲ್ಲಿನ ಖರ್ಚನ್ನು ಹೆಚ್ಚಿನ ಪಾಲಿಸಿಗಳು ಕೊಡುವುದಿಲ್ಲ.

ಇಷ್ಟೆಲ್ಲ ಅನುಮಾನ ಕಲಿಸಿದರೆ ಹುಡುಗಿ ಡಾಕ್ಟರ ಬಳಿಗೇ ಹೋಗುವುದಿಲ್ಲವಲ್ಲ ಎಂದು ಹಿರಿಯರೊಬ್ಬರು ಆಕ್ಷೇಪಿಸಬಹುದು. ಆ ಆಕ್ಷೇಪಕ್ಕೆ ತೂಕವಿದೆ. ತುಂಬಿಸಬೇಕಾದ ಹಲ್ಲನ್ನು ಮುಂದಕ್ಕೆ ಹಾಕಿದರೆ ಹುಳುಕು ನರಕ್ಕೆ ಇಳಿದು, ಫಿಲ್ಲಿಂಗಿನಲ್ಲಿ ಮುಗಿಯುತ್ತಿದ್ದದ್ದು ರೂಟ್ ಕೆನಾಲಿಗೂ ಕ್ಯಾಪಿಗೂ ಬೆಳೆಯುತ್ತದೆ. ಇನ್ನೂ ತಡವಾದರೆ ಕೀಳಿಸುವುದೊಂದೇ ಉಳಿಯುತ್ತದೆ. ಅನುಮಾನದಿಂದ ದೂರ ಉಳಿದವಳು ಕೊನೆಗೆ ಹೋಗುವುದು ಕೆನ್ನೆ ಊದಿದ ರಾತ್ರಿಯ ಮರುದಿನ, ಸಿಕ್ಕಿದ ಮೊದಲ ಕ್ಲಿನಿಕ್ಕಿಗೆ, ಏನು ಬೇಕಾದರೂ ಮಾಡಿ ಎನ್ನುತ್ತಾ. ನಾನು ಬೇಡವೆನ್ನುವುದು ಆ ಸ್ಥಿತಿಯನ್ನೇ. ನಾನು ಹೇಳುವ ಎಚ್ಚರಿಕೆ ಫಲಿಸಬೇಕಾದರೆ ನೀನು ಮೊದಲೇ ಹೋಗಬೇಕು, ನೋಡಿದ ಡಾಕ್ಟರುಗಳಲ್ಲಿ ಒಬ್ಬರನ್ನು ಆರಿಸಿಕೊಂಡ ಮೇಲೆ ಅವರಲ್ಲೇ ನಿಲ್ಲಬೇಕು. ವರ್ಷಗಳ ಕಾಲ ಒಂದೇ ಬಾಯನ್ನು ನೋಡಿದ ಡಾಕ್ಟರಿಗೆ ಹುಳುಕಿನ ಮಚ್ಚೆ ಬೆಳೆದಿದೆಯೋ ಇದ್ದಂತೆಯೇ ಇದೆಯೋ ಎಂದು ಹೋಲಿಸಿ ನೋಡಲು ಹಳೆಯ ಎಕ್ಸ್‌ರೇ ಇರುತ್ತದೆ. ಕಾಯೋಣ ಎಂದು ಧೈರ್ಯವಾಗಿ ಹೇಳಲು ಅವರಿಗೂ ಅದು ಬೇಕು.

ಇನ್ನೊಂದು ಮಾತು. ಊರಿನಲ್ಲಿ ಅಜ್ಜಿಗೆ ಹಲ್ಲೆಲ್ಲ ಉದುರಿ, ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ತಿನ್ನುವ ಹಾಗಾಗಿದ್ದರೆ, ಸಂತೆಯಲ್ಲಿ ಕೂತು ಹಲ್ಲು ಕಟ್ಟಿಕೊಡುವವರ ಬಳಿ ಕಳಿಸಬೇಡ. ಬಿಪಿಎಲ್ ಕುಟುಂಬದ ಹಿರಿಯರಿಗೆ ಪೂರ್ತಿ ಹಲ್ಲು ಸೆಟ್ ಉಚಿತವಾಗಿ ಕೊಡಲೆಂದು ನಮ್ಮ ಸರ್ಕಾರ ದಂತ ಭಾಗ್ಯ ಯೋಜನೆ ತಂದಿತು. ಈಗ ಅದು ಹೇಗೆ ಸಿಗುತ್ತದೆ, ಯಾವ ಕಾಗದ ಬೇಕು ಎಂಬುದನ್ನು ಜಿಲ್ಲಾಸ್ಪತ್ರೆಯ ದಂತ ವಿಭಾಗದಲ್ಲಿ ಕೇಳು. ಮುಂದಿನ ಹಬ್ಬಕ್ಕೆ ಊರಿಗೆ ಹೋದಾಗ ಅಜ್ಜಿಯನ್ನು ನೀನೇ ಕರೆದುಕೊಂಡು ಹೋಗು.

ಇಂತಿ,
ನಿನ್ನ ಹಿತ ಬಯಸುವ ಅಕ್ಕ