ತೋಟದ ಕಾವಲು ನಾಯಿಯನ್ನು ಕಟ್ಟುವ ಸುರಕ್ಷಿತ ಕ್ರಮ

ಮುಸುಕಿನ ಜೋಳ ಹಾಲುಗಾಳು ಕಟ್ಟುವ ಹೊತ್ತಿಗೆ ಕಾಡುಹಂದಿ, ನೆಲಗಡಲೆ ಬಲಿಯುವ ಹೊತ್ತಿಗೆ ಹಂದಿಯ ಜೊತೆಗೆ ಕೋತಿ, ರಾಶಿ ಕಣಕ್ಕೆ ಬಿದ್ದ ಮೇಲೆ ಕಳ್ಳಕಾಕರು. ಬಿತ್ತನೆಯಿಂದ ರಾಶಿಯವರೆಗೆ ರೈತನಿಗೆ ಕಾವಲಿನ ಚಿಂತೆ ತಪ್ಪಿದ್ದಲ್ಲ. ಈ ಕಾವಲಿನಲ್ಲಿ ಪಾಲುಗೊಳ್ಳುವ ನಾಯಿಯ ವಿಷಯ ಮಾತ್ರ ಬೇಸಾಯದ ಪಾಠಗಳಲ್ಲಿ ಬರುವುದು ಅಪರೂಪ. ಬೀಜೋಪಚಾರ, ಗೊಬ್ಬರದ ಪ್ರಮಾಣಗಳನ್ನು ಕುರಿತು ಬರೆಯುವವರಿಗೆ ನಾಯಿಯ ಉಸಾಬರಿ ಏಕೆಂದು ಕೆಲವರಿಗೆ ಅನ್ನಿಸಬಹುದು. ಆದರೆ ಗೂಟ ಯಾವ ಮಣ್ಣಿನಲ್ಲಿ ನಿಲ್ಲುತ್ತದೆ, ತಂತಿ ಬಿಗಿದ ಮರ ಹೇಗೆ ಉಳಿಯುತ್ತದೆ, ಇಲಿಪಾಷಾಣ ಎಲ್ಲಿರಬೇಕು ಎಂಬ ಪ್ರಶ್ನೆಗಳೆಲ್ಲ ಬೇಸಾಯದವೇ ಆಗಿವೆ.

ಸುತ್ತ ಭದ್ರವಾದ ಬೇಲಿಯಿದ್ದು, ಅದರೊಳಗೆ ನಾಯಿ ಸ್ವತಂತ್ರವಾಗಿ ಓಡಾಡಿಕೊಂಡಿರುವುದು ಎಲ್ಲಕ್ಕಿಂತ ಉತ್ತಮ. ತೋಟದ ಮನೆಗಳಲ್ಲಿ ಇದು ಯಾವಾಗಲೂ ಸಾಧ್ಯವಾಗುವುದಿಲ್ಲ. ನೆರೆಯವರ ಕುರಿ, ಮನೆಯ ಕೋಳಿ, ಹತ್ತಿರದ ರಸ್ತೆ, ಕೆಲಸಕ್ಕೆ ಬರುವ ಆಳುಗಳು, ಇವುಗಳ ದೆಸೆಯಿಂದ ದಿನದ ಕೆಲವು ಹೊತ್ತಾದರೂ ನಾಯಿಯನ್ನು ಕಟ್ಟಲೇಬೇಕಾಗುತ್ತದೆ. ಬಿಟ್ಟ ನಾಯಿ ಅಪಾಯ ಕಂಡರೆ ಓಡಿ ಪಾರಾಗುತ್ತದೆ. ಕಟ್ಟಿದೊಡನೆ ಆ ಒಂದು ಉಪಾಯವನ್ನು ನಾವು ಅದರಿಂದ ಕಿತ್ತುಕೊಂಡಂತಾಯಿತು. ಬಿಸಿಲು, ಹಾವು, ಹಂದಿ, ಚಿರತೆ, ಕೊರಳಿಗೆ ಸುತ್ತಿಕೊಂಡ ಹಗ್ಗ, ಯಾವುದರಿಂದಲೂ ಅದು ತಾನಾಗಿ ತಪ್ಪಿಸಿಕೊಳ್ಳಲಾರದು. ಆದ್ದರಿಂದ ಓಡಿಹೋಗಬೇಕಾದ ಪ್ರಸಂಗವೇ ಬಾರದಂಥ ಜಾಗವನ್ನು ಆರಿಸುವುದು ಮೊದಲ ಕೆಲಸ. ಸರಪಳಿಯ ಮಾತು ಆಮೇಲಿನದು.

ಜಾಗದ ಆಯ್ಕೆ

ಬೆಳಿಗ್ಗೆ ನೆರಳಿದ್ದ ಜಾಗದಲ್ಲಿ ಮಧ್ಯಾಹ್ನವೂ ನೆರಳಿರುತ್ತದೆಂದು ನಂಬಿ ನಾಯಿಯನ್ನು ಕಟ್ಟಿ ಹೊಲಕ್ಕೆ ಹೋಗುವುದು ಸಾಮಾನ್ಯವಾಗಿ ಕಂಡುಬರುವ ತಪ್ಪು. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ಬಾಯ್ದೆರೆದು ತೇಕುವುದೇ ಅದು ಮೈ ತಂಪು ಮಾಡಿಕೊಳ್ಳುವ ಮುಖ್ಯ ದಾರಿ. ಮಾರ್ಚಿಯಿಂದ ಮೇ ತಿಂಗಳವರೆಗಿನ ಬಿಸಿಲಿನಲ್ಲಿ ನೆರಳು, ನೀರು ಎರಡೂ ತಪ್ಪಿದರೆ ಕಟ್ಟಿದ ನಾಯಿ ಸಾಯಲು ಬಹಳ ಹೊತ್ತು ಬೇಡ. ಹೊಂಗೆ, ಬೇವು, ಹುಣಸೆಯಂಥ ದಟ್ಟ ನೆರಳಿನ ಮರಗಳ ಆಸರೆ ಸೂಕ್ತ. ಒಂದು ದಿನ ಬೆಳಿಗ್ಗೆ ಎಂಟಕ್ಕೆ, ನಡುಮಧ್ಯಾಹ್ನಕ್ಕೆ, ಸಂಜೆ ನಾಲ್ಕಕ್ಕೆ ಹೋಗಿ ನೆರಳಿನ ಅಂಚಿಗೆ ಕಲ್ಲಿಟ್ಟು ಗುರುತು ಮಾಡಿಕೊಂಡರೆ ಎಲ್ಲಿ ಕಟ್ಟಬೇಕೆಂಬುದು ತಾನೇ ತಿಳಿಯುತ್ತದೆ. ತೆಂಗಿನ ಮರದ ಬುಡ ಮಾತ್ರ ಬೇಡ. ಕಾಯಿ ಬೀಳುವಾಗ, ಗರಿ ಬೀಳುವಾಗ ಕಟ್ಟಿದ ನಾಯಿ ಎತ್ತ ಓಡೀತು?

ಹುಲ್ಲಿನ ಬಣವೆ, ಸೌದೆ ರಾಶಿ, ಕಲ್ಲುಗುಪ್ಪೆಗಳಲ್ಲಿ ಇಲಿಯಿರುತ್ತದೆ. ಇಲಿಯಿದ್ದಲ್ಲಿಗೆ ಹಾವು ಬರುತ್ತದೆ. ಇವುಗಳಿಂದ ಕನಿಷ್ಠ 30 ಅಡಿ ದೂರವಿರತಕ್ಕದ್ದು. ಇಲಿಗೆಂದು ಇಡುವ ಜಿಂಕ್ ಫಾಸ್ಫೈಡ್ ಬೆರೆಸಿದ ಕಾಳು, ಬಸವನ ಹುಳುವಿಗೆಂದು ಚೆಲ್ಲುವ ಮೆಟಾಲ್ಡಿಹೈಡ್ ಗುಳಿಗೆ, ಎರಡನ್ನೂ ನಾಯಿ ತಿನ್ನುವುದುಂಟು. ಹಸಿದು ಬೇಸರಗೊಂಡ ನಾಯಿ ಸಿಕ್ಕಿದ್ದಕ್ಕೆಲ್ಲ ಬಾಯಿ ಹಾಕುತ್ತದೆಂಬುದನ್ನು ಮರೆಯಬಾರದು. ಪಾಷಾಣ ತಿಂದು ಸತ್ತ ಇಲಿಯೂ ನಾಯಿಗೆ ಅಪಾಯವೇ. ಔಷಧಿ ಸಿಂಪಡಿಸುವ ದಿನ ನಾಯಿಯನ್ನು ಗಾಳಿ ಬೀಸಿ ಬರುವ ಕಡೆಗೆ, ಬೆಳೆಯಿಂದ ದೂರಕ್ಕೆ ಒಯ್ಯಬೇಕು.

ಇವೆಲ್ಲಕ್ಕಿಂತ ಹೆಚ್ಚು ಎಚ್ಚರ ವಹಿಸಬೇಕಾದದ್ದು ಎತ್ತರ ತಗ್ಗಿನ ವಿಷಯದಲ್ಲಿ. ಬಾವಿಕಟ್ಟೆ, ಕಾಂಪೌಂಡು ಗೋಡೆ, ಜಗಲಿ, ಎತ್ತರದ ಬದು, ಟ್ರಾಕ್ಟರಿನ ಟ್ರೇಲರ್, ಇವುಗಳಲ್ಲಿ ಯಾವುದಾದರೂ ಸರಪಳಿಗೆ ಎಟುಕುವಂತಿದ್ದರೆ ನಾಯಿ ಅದರ ಮೇಲೇರಿ ಆಚೆಗೆ ಹಾರುತ್ತದೆ. ನೆಲ ಮುಟ್ಟುವಷ್ಟು ಸರಪಳಿ ಇರುವುದಿಲ್ಲ. ಕೊರಳಿಗೆ ನೇಣಾಗುತ್ತದೆ. ಬೇರೊಂದು ನಾಯಿಯನ್ನೋ ಬೆಕ್ಕನ್ನೋ ಕಂಡು ಒಮ್ಮೆ ಹಾರಿದರೆ ಸಾಕು; ಕೂಗಲೂ ಆಗದೆ ಸಾಯುತ್ತದೆ. ಮೇಲೆ ಹೇಳಿದ ಯಾವುದೂ ಎಟುಕದ ಸಮನೆಲವೇ ಬೇಕು.

ಗೂಟವೋ, ಓಡುತಂತಿಯೋ?

ನೆಲಕ್ಕೆ ಗೂಟ ಹೊಡೆದು ಕಟ್ಟುವುದು ರೂಢಿ. ನಾಯಿ ಗೂಟದ ಸುತ್ತ ತಿರುಗಿದಂತೆಲ್ಲ ಹಗ್ಗ ಸುತ್ತಿಕೊಂಡು, ಮಧ್ಯಾಹ್ನದ ವೇಳೆಗೆ ಎಂಟು ಅಡಿಯದು ಎರಡಡಿಗೆ ಇಳಿದಿರುತ್ತದೆ. ನೀರಿನ ಬಾನಿ ಕಣ್ಣೆದುರಿಗಿದ್ದರೂ ಎಟುಕುವುದಿಲ್ಲ. ಗೂಟದ ತಲೆಯಲ್ಲಿ ಸಡಿಲವಾಗಿ ತಿರುಗುವ ಬಳೆಯಿದ್ದರೆ ಈ ತೊಂದರೆ ಕಡಿಮೆಯಾಗುತ್ತದೆ. ಮರದ ಕಾಂಡಕ್ಕೆ ನೇರವಾಗಿ ಕಟ್ಟಿದರಂತೂ ತಿರುಗುವ ಮಾತೇ ಇಲ್ಲ.

ಇದಕ್ಕಿಂತ ಉತ್ತಮವಾದದ್ದು ಓಡುತಂತಿ. 50 ಅಡಿ ಅಂತರದ ಎರಡು ಆಧಾರಗಳ ನಡುವೆ, ನೆಲದಿಂದ 7 ಅಡಿ ಎತ್ತರದಲ್ಲಿ ಉಕ್ಕಿನ ಹೆಣೆದ ತಂತಿಯನ್ನು ಬಿಗಿಯಾಗಿ ಎಳೆಯಬೇಕು. ತಂತಿಗೆ ಒಂದು ಸಣ್ಣ ಕಪ್ಪಿಯನ್ನೋ ದಪ್ಪ ಕಬ್ಬಿಣದ ಬಳೆಯನ್ನೋ ಪೋಣಿಸಿ, ಅದರಿಂದ ಎಂಟೂವರೆ ಅಡಿ ಸರಪಳಿಯನ್ನು ಇಳಿಬಿಡಬೇಕು. ಪ್ರತಿ ಆಧಾರದಿಂದ 10 ಅಡಿ ಈಚೆಗೆ ತಂತಿಯ ಮೇಲೆ ಯು ಕ್ಲಾಂಪ್ ಬಿಗಿದು ತಡೆ ಮಾಡಿದರೆ ಕಪ್ಪಿ ಅದನ್ನು ದಾಟುವುದಿಲ್ಲ; ನಾಯಿ ಕಂಬಕ್ಕೆ ಸುತ್ತಿಕೊಳ್ಳುವುದೂ ಇಲ್ಲ.

ಈ ಅಳತೆಗಳ ಲೆಕ್ಕವನ್ನು ಸ್ವಲ್ಪ ನೋಡೋಣ. ನಿಂತ ನಾಯಿಯ ಕೊರಳು ನೆಲದಿಂದ ಒಂದೂವರೆ ಅಡಿ ಎತ್ತರವಿದೆಯೆಂದು ಹಿಡಿದರೆ, ತಂತಿಯ ಎರಡೂ ಪಕ್ಕಕ್ಕೆ ಅದು ಸುಮಾರು ಆರೂವರೆ ಅಡಿ ಸರಿಯಬಲ್ಲದು. ತಡೆಗಳ ನಡುವಿನ 30 ಅಡಿ ಓಟವೂ ಸೇರಿ ಅದಕ್ಕೆ ಸಿಗುವ ಜಾಗ ಸುಮಾರು 520 ಚದರ ಅಡಿ. ಅದೇ ಸರಪಳಿಯನ್ನು ಗೂಟಕ್ಕೆ ಕಟ್ಟಿದರೆ 220 ಚದರ ಅಡಿ ಮಾತ್ರ. ಜಗ್ಗಿದಾಗ ತಂತಿಯೂ ಸ್ವಲ್ಪ ಬಾಗುವುದರಿಂದ ಅದರ ಎರಡೂ ಪಕ್ಕಕ್ಕೆ 10 ಅಡಿಯಷ್ಟು ಗಿಡ, ಕಲ್ಲು, ಬೇಲಿಗಳಿಲ್ಲದೆ ತೆರವಾಗಿರಬೇಕು. ಸರಪಳಿಯನ್ನು ಇನ್ನೂ ಉದ್ದ ಮಾಡುವ ಆಸೆ ಬೇಡ. ಹೆಚ್ಚಿದ್ದಷ್ಟೂ ನೆಲದ ಮೇಲೆ ಸುರುಳಿ ಬಿದ್ದು ಕಾಲಿಗೆ ತೊಡರುತ್ತದೆ.

ಮಳೆಗೆ ಒಂದು ಗೂಡು ಅವಶ್ಯಕ. ಅದನ್ನು ತಂತಿಯ ಪಕ್ಕದಲ್ಲಿಟ್ಟರೆ ಸರಪಳಿ ಅದಕ್ಕೇ ಸುತ್ತಿಕೊಳ್ಳುತ್ತದೆ. ತಡೆಯಿಂದ ಆಚೆಗೆ, ತಂತಿಯ ಕೆಳಗೇ, ಬಾಗಿಲು ಈಚೆಗೆ ಮುಖ ಮಾಡಿ ತಡೆಯಿಂದ 3 ಅಡಿ ದೂರದಲ್ಲಿರುವಂತೆ ನಿಲ್ಲಿಸಬೇಕು. ಗೂಡು 4 ಅಡಿ ಆಳವಿದ್ದರೆ ನಾಯಿ ಅದರ ಹಿಂಬದಿಗೆ ಹೋಗಲಾರದು. ನೀರಿಗೆ ಕಲ್ಲಿನದೋ ಸಿಮೆಂಟಿನದೋ ಬಾನಿಯನ್ನು ತಂತಿಯಿಂದ ನಾಲ್ಕು ಅಡಿಯೊಳಗೆ, ಕಂಠದವರೆಗೆ ನೆಲದಲ್ಲಿ ಹೂಳಬೇಕು. ಹಗುರವಾದ ಬೋಗುಣಿಯನ್ನು ಸರಪಳಿ ಮೊದಲ ಗಂಟೆಯಲ್ಲೇ ಉರುಳಿಸಿಬಿಡುತ್ತದೆ.

ಪಂಪ್‌ಸೆಟ್ಟಿಗೆ ಬರುವ ವಿದ್ಯುತ್ ಲೈನಿನ ಕೆಳಗೆ ಓಡುತಂತಿ ಎಳೆಯಕೂಡದು. ವಿದ್ಯುತ್ ಕಂಬವನ್ನೇ ಆಧಾರ ಮಾಡಿಕೊಳ್ಳುವುದಂತೂ ಸಲ್ಲದು. ಗುಡುಗು ಸಿಡಿಲಿನ ಸೂಚನೆ ಕಂಡಕೂಡಲೆ ನಾಯಿಯನ್ನು ಬಿಚ್ಚಿ ಒಳಗೆ ಒಯ್ಯಬೇಕು.

ಆಧಾರ ಮತ್ತು ಮಣ್ಣು

ಗಟ್ಟಿ ಕೆಂಪು ಗರಸು ನೆಲದಲ್ಲಿ ಎರಡಡಿ ಇಳಿದ ಕಬ್ಬಿಣದ ಗೂಟ ಚೆನ್ನಾಗಿ ನಿಲ್ಲುತ್ತದೆ. ಎರೆಭೂಮಿಯ ಕತೆ ಬೇರೆ. ಎರೆಮಣ್ಣು ನೀರು ಹೀರಿ ಉಬ್ಬುತ್ತದೆ, ಒಣಗಿ ಕುಗ್ಗಿ ಬಿರುಕು ಬಿಡುತ್ತದೆ. ಬೇಸಿಗೆಯಲ್ಲಿ ಗೂಟ ಸಡಿಲ ಹಲ್ಲಿನಂತೆ ಅಲುಗಾಡುತ್ತದೆ. ಮಳೆ ಬಂದು ನೆಲ ನೆನೆದಾಗ ಬೆಣ್ಣೆಯೊಳಗಿನ ಕೂದಲಿನಂತೆ ಹೊರಬರುತ್ತದೆ. ಹಾಗೆ ಕಿತ್ತ ನಾಯಿ ಸರಪಳಿ, ಗೂಟ ಸಮೇತ ಓಡಿ ಲಂಟಾನ ಪೊದೆಯಲ್ಲೋ ಬೇಲಿಯಲ್ಲೋ ಸಿಕ್ಕಿಕೊಳ್ಳುತ್ತದೆ. ಅದು ಎಲ್ಲಿದೆಯೆಂದು ಯಾರಿಗೂ ತಿಳಿಯದೆ ಎರಡು ಮೂರು ದಿನ ಕಳೆದರೆ ಮುಂದಿನದನ್ನು ಹೇಳಬೇಕಾಗಿಲ್ಲ. ಆದ್ದರಿಂದ ಎರೆನೆಲದಲ್ಲಿ ಗೂಟವನ್ನು ನಂಬದೆ, ದ್ರಾಕ್ಷಿ ಚಪ್ಪರದ ಮೂಲೆಗಂಬಕ್ಕೆ ಮಾಡುವಂತೆ ಮೂರಡಿ ಗುಂಡಿಯಲ್ಲಿ ತಂತಿ ಸುತ್ತಿದ ಚಪ್ಪಡಿ ಕಲ್ಲನ್ನು ಹೂತು, ಆ ತಂತಿಯಿಂದ ಕಂಬವನ್ನು ಹೊರಗಡೆಗೆ ಎಳೆದು ಬಿಗಿಯಬೇಕು. ಚಪ್ಪರ ಹಾಕಿ ಅನುಭವವಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮರವೇ ಆಧಾರವಾದರೆ ತಂತಿಯನ್ನು ಬರಿ ತೊಗಟೆಗೆ ಸುತ್ತಬಾರದು. ಮರ ದಪ್ಪವಾದಂತೆ ತಂತಿ ಒಳಕ್ಕೆ ಕಚ್ಚುತ್ತದೆ; ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯುವುದು ತೊಗಟೆಯ ಮೂಲಕವೇ ಆದ್ದರಿಂದ ಮರ ಸೊರಗುತ್ತದೆ. ಹಳೆಯ ಟೈರಿನ ಪಟ್ಟಿ ಅಥವಾ ಮರದ ರೀಪುಗಳನ್ನು ನಡುವೆ ಕೊಟ್ಟು, ವರ್ಷಕ್ಕೊಮ್ಮೆ ಸಡಿಲಿಸಿ ಮತ್ತೆ ಕಟ್ಟಬೇಕು.

ಕೊರಳಪಟ್ಟಿ ಮತ್ತು ಸರಪಳಿ

ಕೊರಳಿಗೆ ನೇರವಾಗಿ ಹಗ್ಗ ಕಟ್ಟುವುದು, ಅದರಲ್ಲಿಯೂ ಜೀರುಗುಣಿಕೆ ಹಾಕುವುದು ಕೂಡದು. ಜಗ್ಗಿದಷ್ಟೂ ಅದು ಬಿಗಿಯುತ್ತದೆ. ಅಗಲವಾದ ಚರ್ಮದ ಅಥವಾ ನವಾರದ ಪಟ್ಟಿಯಿದ್ದು, ಅದರೊಳಗೆ ಎರಡು ಬೆರಳು ಸರಾಗವಾಗಿ ತೂರುವಂತಿರಬೇಕು. ಮರಿಯ ಕೊರಳಿಗೆ ಹಾಕಿದ ಪಟ್ಟಿಯನ್ನು ವಾರಕ್ಕೊಮ್ಮೆ ಪರೀಕ್ಷಿಸದಿದ್ದರೆ ಮರಿ ಬೆಳೆದಂತೆ ಪಟ್ಟಿ ಚರ್ಮದೊಳಗೆ ಹುದುಗಿ ಹುಣ್ಣಾಗಿ ಹುಳು ಬೀಳುತ್ತದೆ. ಆರು ತಿಂಗಳೊಳಗಿನ ಮರಿಯನ್ನು ಓಡುತಂತಿಗೆ ಕಟ್ಟದಿರುವುದೇ ಲೇಸು. ಎಮ್ಮೆ ಕಟ್ಟುವ ಭಾರದ ಸರಪಳಿ ನಾಯಿಗೆ ಬೇಡ. ಹಗುರವಾದ, ಕೊಂಡಿಗಳು ಬೆಸೆದಿರುವ ಸರಪಳಿ ಸಾಕು. ಅದರ ಎರಡೂ ತುದಿಗೆ, ಅಂಗಡಿಯವರು ಸ್ವಿವೆಲ್ ಎಂದು ಕರೆಯುವ ತಿರುಗುವ ಕೊಂಡಿ ಇರಲೇಬೇಕು.

ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿಯನ್ನು ಸಾಕುವವರು ಇನ್ನೂ ಜಾಗರೂಕರಾಗಿರಬೇಕು. ಕಣ್ಣಿಗೆ ಬಿದ್ದ ಬೇಟೆಯನ್ನು ಅಟ್ಟುವ ಜಾತಿ ಅದು. ಮೊಲ ಕಂಡರೆ ಕ್ಷಣದಲ್ಲಿ ವೇಗ ಹಿಡಿದು ಸರಪಳಿಯ ತುದಿಗೆ ಬಡಿದಾಗ ಕೊರಳಿಗೆ ಪೆಟ್ಟಾಗುತ್ತದೆ. ಅದರ ತಲೆ ಕಿರಿದಾದ್ದರಿಂದ ಸಾಮಾನ್ಯ ಪಟ್ಟಿ ಕಿವಿಯ ಮೇಲಿಂದ ಜಾರುವುದೂ ಉಂಟು. ಇಂಥ ನಾಯಿಗೆ ಎಳೆತವೆಲ್ಲ ಎದೆಯ ಮೇಲೆ ಬೀಳುವ ಎದೆಪಟ್ಟಿ ಒಳ್ಳೆಯದು. ಕಪ್ಪಿಗೂ ಸರಪಳಿಗೂ ನಡುವೆ ಗಟ್ಟಿಯಾದ ಸ್ಪ್ರಿಂಗ್ ಸೇರಿಸಿದರೆ ಬಡಿತ ಮೆತ್ತಗಾಗುತ್ತದೆ.

ಎಷ್ಟು ಹೊತ್ತು ಕಟ್ಟಬಹುದು?

ಓಡುತಂತಿ ಎಷ್ಟೇ ಅನುಕೂಲವಾಗಿದ್ದರೂ ಅದು ನಾಯಿಯ ಮನೆಯಲ್ಲ. ದಿನಕ್ಕೆ ಕೆಲವು ಗಂಟೆ ಮಾತ್ರ ಕಟ್ಟಿ, ಬೆಳಿಗ್ಗೆ ಸಂಜೆ ಹೊಲದ ಬದುವಿನ ಮೇಲೆ ಜೊತೆಗೆ ಕರೆದೊಯ್ಯುವುದು ಸೂಕ್ತ. ಹಗಲಿರುಳು ಕಟ್ಟಿದ ನಾಯಿ ಕಂಡಕಂಡದ್ದಕ್ಕೆ ಬೊಗಳುತ್ತದೆ, ಹತ್ತಿರ ಬಂದ ಮಗುವಿಗೂ ಎರಗುತ್ತದೆ. ಎಲ್ಲಕ್ಕೂ ಬೊಗಳುವ ನಾಯಿಯ ಕೂಗಿಗೆ ಮನೆಯವರು ಏಳುವುದನ್ನೇ ಬಿಡುತ್ತಾರೆ. ಅಲ್ಲಿಗೆ ಕಾವಲು ಮುಗಿಯಿತು. ಕಾನೂನೂ ಇದೆ. 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ 11ನೆಯ ಕಲಮಿನ ಪ್ರಕಾರ ಪ್ರಾಣಿಯನ್ನು ತೀರ ಮೋಟಾದ ಅಥವಾ ತೀರ ಭಾರದ ಸರಪಳಿಯಲ್ಲಿ ಅತಿ ಹೊತ್ತು ಕಟ್ಟಿಹಾಕುವುದು ಅಪರಾಧ. ಸದಾ ಕಟ್ಟಿರುವ ನಾಯಿಗೆ ಓಡಾಟ ಕೊಡದಿರುವುದನ್ನು ಆ ಕಲಮು ಪ್ರತ್ಯೇಕವಾಗಿಯೇ ಹೆಸರಿಸಿದೆ.

ರಾತ್ರಿಯ ವಿಷಯದಲ್ಲಿ ರಾಜಿ ಬೇಡ. ತುಮಕೂರು, ಹಾಸನ, ಮಂಡ್ಯ, ಮೈಸೂರು ಜಿಲ್ಲೆಗಳ ಕಲ್ಲುಗುಡ್ಡದ ಮಗ್ಗುಲಲ್ಲಿ, ಕಬ್ಬಿನ ಗದ್ದೆಗಳ ನಡುವೆ ಚಿರತೆಯ ಸಂಚಾರವಿದೆ. ನಾಯಿ ಅದಕ್ಕೆ ಸುಲಭದ ಆಹಾರ. ಅಂಗಳದಲ್ಲಿ ಕಟ್ಟಿದ ನಾಯಿ ಚಿರತೆಯನ್ನು ಮನೆಬಾಗಿಲಿಗೇ ಕರೆತರುತ್ತದೆ, ಮಕ್ಕಳು ಮರಿಗಳಿರುವ ಬಾಗಿಲಿಗೆ. ಕಾಡುಹಂದಿ ನುಗ್ಗುವ ಹೊಲದ ಅಂಚಿನಲ್ಲಿ ಕಟ್ಟಿದ ನಾಯಿಯದೂ ಅದೇ ಗತಿ. ಬೆದರಿದ ಸಲಗ ಕೋರೆಯಿಂದ ಸೀಳಿಹಾಕುತ್ತದೆ. ಕತ್ತಲಾದೊಡನೆ ಸರಪಳಿ ಬಿಚ್ಚಿ, ಮೇಲೆ ಮಾಡು, ಮುಂದೆ ಗಟ್ಟಿ ಜಾಲರಿಯ ಬಾಗಿಲಿರುವ ಕೋಣೆಗೆ ಸೇರಿಸಬೇಕು. ಜಾಲರಿಯ ಹಿಂದಿನಿಂದಲೂ ನಾಯಿ ವಾಸನೆ ಹಿಡಿಯುತ್ತದೆ, ಬೊಗಳಿ ಎಚ್ಚರಿಸುತ್ತದೆ. ಕಾವಲಿಗೆ ಬೇಕಾದದ್ದು ಅಷ್ಟೇ. ಬೊಗಳಿದಾಗ ಟಾರ್ಚಿಲ್ಲದೆ ಒಬ್ಬರೇ ಹೊರಗೆ ಹೋಗಬಾರದು.

ಹುಚ್ಚುನಾಯಿ ಬಂದರೂ ಕಟ್ಟಿದ ನಾಯಿ ತಪ್ಪಿಸಿಕೊಳ್ಳಲಾರದು. ಆದಕಾರಣ ಮೂರು ತಿಂಗಳ ವಯಸ್ಸಿನಲ್ಲಿ ರೇಬೀಸ್ ಲಸಿಕೆ ಹಾಕಿಸಿ, ಪಶುವೈದ್ಯರು ಹೇಳಿದಂತೆ ಮರುಲಸಿಕೆಯನ್ನೂ ಆಮೇಲೆ ವರ್ಷಕ್ಕೊಮ್ಮೆ ಲಸಿಕೆಯನ್ನೂ ತಪ್ಪದೆ ಕೊಡಿಸತಕ್ಕದ್ದು.

ಹೊಸದಾಗಿ ಓಡುತಂತಿಗೆ ಕಟ್ಟಿದ ಮೊದಲ ದಿನ ಅರ್ಧ ಗಂಟೆ ಹತ್ತಿರವೇ ಕುಳಿತು ನೋಡಬೇಕು. ಕಪ್ಪಿಯ ಸದ್ದಿಗೆ ಬೆದರುವ ನಾಯಿಗಳಿವೆ. ಎರಡು ಮೂರು ದಿನದಲ್ಲಿ ಒಗ್ಗಿಕೊಳ್ಳುತ್ತವೆ. ಮುಂಗಾರಿಗೆ ಮುಂಚೆ ಒಮ್ಮೆ, ಹಿಂಗಾರು ಮುಗಿದ ಮೇಲೆ ಒಮ್ಮೆ ತಂತಿಯ ಎಳೆಗಳನ್ನೂ ಕ್ಲಾಂಪುಗಳನ್ನೂ ಕೈಯಿಂದ ಜಗ್ಗಿ ನೋಡಿ, ತುಕ್ಕು ಹಿಡಿದ ಸ್ವಿವೆಲನ್ನು ಬದಲಾಯಿಸಬೇಕು. ಎಣ್ಣೆ ಹಾಕಿದರೆ ಸಾಲದು.