ಎಲೆಯೇ ಹೂವಾಗಿ ತೋರುವ ಗಿಡ

ಕಳೆದ ಡಿಸೆಂಬರಿನಲ್ಲಿ ಮೆಹದಿಪಟ್ಟಣದ ನಮ್ಮ ಶಾಲೆಯ ಅಂಗಳದಲ್ಲೊಂದು ಚರ್ಚೆ ನಡೆಯಿತು. ಎಂಟನೆಯ ತರಗತಿಯವರು ಕುಂಡಗಳಲ್ಲಿ ಬೆಳೆಸಿದ್ದ ಅಲಂಕಾರದ ಕೇಲ್ ಗಿಡಗಳು ಎರಡು ತಿಂಗಳಾದರೂ ಬರಿಯ ಹಸುರಾಗಿಯೇ ಇದ್ದವು. ಬೀಜದ ಪೊಟ್ಟಣದ ಚಿತ್ರದಲ್ಲಿದ್ದ ನೇರಳೆ ಬಣ್ಣ ಎಲ್ಲಿಯೂ ಕಾಣಲಿಲ್ಲ. “ಬೀಜವೇ ಕೆಟ್ಟದ್ದು, ಕಿತ್ತುಬಿಡೋಣ ಗುರುಗಳೇ” ಎಂದರು ಕೆಲವರು. ನಾವೂ ಒಪ್ಪುವುದರಲ್ಲಿದ್ದೆವು. ದಿನವೂ ನೀರೆರೆಯುತ್ತಿದ್ದ ಹುಡುಗಿಯೊಬ್ಬಳು ಮಾತ್ರ “ಸಂಕ್ರಾಂತಿಯವರೆಗೆ ಇರಲಿ” ಎಂದಳು. ಅವಳ ಮಾತಿಗೆ ಬೆಲೆಕೊಟ್ಟು ಸುಮ್ಮನಾದೆವು.

ಈ ಗಿಡವು ನಮಗೆ ಪರಕೀಯವೇನಲ್ಲ. ಇಲ್ಲಿನ ರೈತು ಬಜಾರಿನಲ್ಲಿ ದೊರೆಯುವ ಎಲೆಕೋಸು, ಹೂಕೋಸು, ನವಿಲುಕೋಸುಗಳೂ ಇದೂ ಒಂದೇ ಜಾತಿಯವು. ಸಸ್ಯಶಾಸ್ತ್ರಜ್ಞರು ಇವೆಲ್ಲವನ್ನೂ ಬ್ರ್ಯಾಸಿಕ ಓಲರೇಸಿಯ ಎಂದು ಕರೆಯುವರು. ಜಪಾನಿನಲ್ಲಿ ಅಲಂಕಾರದ ಕೇಲಿಗೆ ಹಬೋತಾನ್ ಎಂದು ಹೆಸರು. ಹೊಸ ವರ್ಷದ ಶೃಂಗಾರಕ್ಕೆ ಅದನ್ನು ಬಳಸುವರು.

ನಾವು ಹೂವೆಂದು ಭ್ರಮಿಸುವುದು ವಾಸ್ತವವಾಗಿ ಎಲೆಗಳ ಗುಚ್ಛ. ಎಲೆಯ ಹಸುರಿಗೆ ಪತ್ರಹರಿತ್ತು ಕಾರಣ. ಚಳಿ ಬಿದ್ದಾಗ ಗಿಡದ ನಡುವೆ ಹೊಸದಾಗಿ ಮೂಡುವ ಎಲೆಗಳಲ್ಲಿ ಪತ್ರಹರಿತ್ತು ಕಡಿಮೆಯಾಗುವುದು. ಆಂಥೊಸಯನಿನ್ ಎಂಬ ವರ್ಣದ್ರವ್ಯ ಹೆಚ್ಚುವುದು. ಆಗ ನೇರಳೆ, ಗುಲಾಬಿ ಬಣ್ಣಗಳು ತೋರುವುವು. ಆ ದ್ರವ್ಯವಿಲ್ಲದ ತಳಿಗಳ ನಡುವೆಲೆಗಳು ಬೆಳ್ಳಗಾಗುವುವು. ಹಳೆಯ ಹೊರ ಎಲೆಗಳು ಹಸುರಾಗಿಯೇ ಉಳಿಯುವುವು.

ಇರುಳಿನ ಉಷ್ಣತೆ ಸುಮಾರು 15 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಬಣ್ಣ ಮೂಡತೊಡಗುವುದು. 10 ಡಿಗ್ರಿಯ ಸಮೀಪಕ್ಕೆ ಬಂದರೆ ಗಾಢವಾಗುವುದು. ಹೈದರಾಬಾದಿನಲ್ಲಿ ಅಂತಹ ಇರುಳುಗಳು ಡಿಸೆಂಬರ್, ಜನವರಿಗಳಲ್ಲಿ ಕೆಲವೇ. ಆದುದರಿಂದ ಸೆಪ್ಟೆಂಬರ್ ಕೊನೆಯಲ್ಲಿ ಬೀಜ ಬಿತ್ತಿ, ನಾಲ್ಕೈದು ವಾರಗಳ ಸಸಿಗಳನ್ನು ಬಿಸಿಲು ಬೀಳುವ ಎಡೆಯಲ್ಲಿ ನೆಟ್ಟರೆ, ಚಳಿ ಬರುವ ವೇಳೆಗೆ ಗಿಡ ಸಿದ್ಧವಾಗಿರುವುದು. ಬಣ್ಣ ಬರಲಿಲ್ಲವೆಂದು ಗೊಬ್ಬರ ಸುರಿಯಬಾರದು. ಅದು ಹಸುರನ್ನೇ ಹೆಚ್ಚಿಸುವುದು. ಎಲೆಗಳ ಅಡಿಭಾಗವನ್ನು ಆಗಾಗ ನೋಡಿ ಹುಳುಗಳನ್ನು ಆರಿಸಿ ತೆಗೆಯಬೇಕು.

ಸಂಕ್ರಾಂತಿಯ ರಜೆ ಮುಗಿಸಿ ಬಂದಾಗ ಕುಂಡಗಳ ನಡುವೆ ನೇರಳೆ ಮೂಡಿತ್ತು. ಕಿತ್ತುಬಿಡೋಣವೆಂದವರೇ ಮೊದಲು ಓಡಿ ಬಂದು ತೋರಿಸಿದರು! ಬೀಜದಲ್ಲಿ ದೋಷವಿರಲಿಲ್ಲ, ಋತುವಿಗೆ ಮುನ್ನ ತೀರ್ಪು ಕೊಡಹೊರಟ ನಮ್ಮಲ್ಲಿತ್ತು.

ಈ ವರ್ಷ ನೀವೂ ಒಂದು ಕೆಲಸ ಮಾಡಿರಿ. ದಿನವೂ ಬೆಳಗ್ಗೆ ಹಿಂದಿನ ಇರುಳಿನ ಕನಿಷ್ಠ ಉಷ್ಣತೆಯನ್ನೂ ಎಲೆಯ ಬಣ್ಣವನ್ನೂ ಬರೆದಿಡಿರಿ. ಸಾಕಷ್ಟು ಚಳಿ ಕಂಡ ಗಿಡವು ಬಿಸಿಲೇರಿದ ಮೇಲೆ ಉದ್ದನೆಯ ದಂಟು ಬಿಟ್ಟು, ಸಾಸಿವೆಯ ಹೂವಿನಂತೆ ನಾಲ್ಕೆಸಳಿನ ಪುಟ್ಟ ಹಳದಿ ಹೂಗಳನ್ನು ತಳೆಯುವುದು. ಅದೇ ಅದರ ನಿಜವಾದ ಹೂವು.