ನಿನ್ನ ಹೆಸರಿನಲ್ಲೂ ಒಂದು ಫೈಲು



ನೀನು ಕಳಿಸಿದ ನಿನ್ನ ಹೆಂಡತಿಯ ಫೈಲನ್ನು ಪೂರ್ತಿ ಓದಿದೆ. ಥೈರಾಯ್ಡ್, ಸಕ್ಕರೆ, ಗರ್ಭಕೋಶದ ಸ್ಕ್ಯಾನ್, ರಕ್ತ ಹೆಪ್ಪುಗಟ್ಟುವ ದೋಷದ ಪರೀಕ್ಷೆ, ಎಲ್ಲವೂ ಇವೆ, ಎಲ್ಲವೂ ನಾರ್ಮಲ್. ಮೂರು ಸಲ ಗರ್ಭ ಕಳೆದುಕೊಂಡವಳ ಫೈಲು ದಪ್ಪಗಿರುವುದು ಸಹಜ. ಆದರೆ ಅದರಲ್ಲಿ ನಿನ್ನ ಹೆಸರು ಇರುವುದು ಬಿಲ್ಲಿನ ಮೇಲೆ ಮಾತ್ರ. ಹೆರಿಗೆ ವಾರ್ಡುಗಳಲ್ಲೇ ಆಯುಷ್ಯ ಸವೆಸಿದ ನಾನು ಇಂಥ ಫೈಲುಗಳನ್ನು ಬೇಕಾದಷ್ಟು ನೋಡಿದ್ದೇನೆ. ಅದಕ್ಕೇ ನಿನ್ನ ವಯಸ್ಸಿನ ಬೇರೆ ಗಂಡಸರೂ ಓದಲಿ ಎಂದು ಈ ಕಾಗದವನ್ನು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

‘ಮೂರು ಸಲ ಬಸಿರು ಕಟ್ಟಿದೆಯಲ್ಲ ದೊಡ್ಡಮ್ಮ, ನನ್ನಲ್ಲೇನು ದೋಷ ಇರುತ್ತದೆ?’ ಎಂದು ಫೋನಿನಲ್ಲಿ ಕೇಳಿದೆ. ಡಾಕ್ಟರುಗಳೂ ಬಹುಕಾಲ ಹಾಗೇ ಎಣಿಸಿದ್ದರು. ಆದರೆ 1984ರಲ್ಲಿ ಕೇಂಬ್ರಿಜ್‌ನಲ್ಲಿ ಅಜೀಂ ಸುರಾನಿ ಮತ್ತು ಸಂಗಡಿಗರು ಇಲಿಯ ಭ್ರೂಣಗಳ ಮೇಲೆ ಒಂದು ಪ್ರಯೋಗ ಮಾಡಿದರು. ತಾಯಿಯ ವಂಶವಾಹಿಗಳನ್ನೇ ಎರಡು ಪಾಲು ಕೊಟ್ಟ ಭ್ರೂಣಗಳಲ್ಲಿ ಮಾಸು ಸರಿಯಾಗಿ ಬೆಳೆಯಲಿಲ್ಲ. ಬರೀ ತಂದೆಯ ವಂಶವಾಹಿ ಕೊಟ್ಟಾಗ ಮಾಸಿನ ಅಂಗಾಂಶ ಬೆಳೆಯಿತು, ಭ್ರೂಣ ಸೊರಗಿತು. ಮಗುವಿಗೆ ಅನ್ನ, ಉಸಿರು ಒದಗಿಸುವ ಮಾಸಿನ ಹಿಂದೆ ತಂದೆಯ ಪಾಲು ಅಷ್ಟು ದೊಡ್ಡದು.

ಇನ್ನೊಂದು ಸಂಗತಿ. ಭ್ರೂಣ ಮೊದಲ ಎರಡು ಮೂರು ದಿನ ಅಂಡಾಣುವಿನಲ್ಲಿದ್ದ ಸರಂಜಾಮಿನಲ್ಲೇ ಬದುಕುತ್ತದೆ. ನಾಲ್ಕರಿಂದ ಎಂಟು ಕೋಶಗಳಾಗುವ ಹೊತ್ತಿಗೆ ಅದರ ಸ್ವಂತ ವಂಶವಾಹಿಗಳು ಚುರುಕಾಗುತ್ತವೆ, ತಂದೆಯಿಂದ ಬಂದವೂ ಆಗಲೇ. ಹಾಗಾಗಿ ವೀರ್ಯಾಣುವಿನ ಡಿಎನ್‌ಎ ಅಲ್ಲಲ್ಲಿ ತುಂಡಾಗಿದ್ದರೂ ಬಸಿರು ಕಟ್ಟಬಹುದು. ತೊಂದರೆ ಆಮೇಲೆ ತಲೆ ಎತ್ತುತ್ತದೆ. ಅಂಡಾಣು ಆ ಹಾನಿಯನ್ನು ಕೆಲಮಟ್ಟಿಗೆ ರಿಪೇರಿ ಮಾಡಿಕೊಳ್ಳುತ್ತದೆ. ಹೆಂಗಸಿಗೆ ವಯಸ್ಸಾದಂತೆ ಆ ಶಕ್ತಿ ಕುಗ್ಗುತ್ತದೆ. ಮಾಮೂಲಿ ವೀರ್ಯ ಪರೀಕ್ಷೆಯಲ್ಲಿ ಎಣಿಕೆ, ಚಲನೆ, ಆಕಾರ ನೋಡುತ್ತಾರೆ. ಒಳಗಿನ ಡಿಎನ್‌ಎ ಹೇಗಿದೆ ಎಂದು ತಿಳಿಯಲು ಡಿಎನ್‌ಎ ಫ್ರಾಗ್ಮೆಂಟೇಶನ್ ಎಂಬ ಬೇರೆಯೇ ಪರೀಕ್ಷೆ ಬೇಕು.

ಲಂಡನ್ನಿನ ಇಂಪೀರಿಯಲ್ ಕಾಲೇಜಿನವರು 2019ರಲ್ಲಿ, ಹೆಂಡತಿಗೆ ಸತತ ಮೂರು ಅಥವಾ ಹೆಚ್ಚು ಗರ್ಭಪಾತವಾಗಿದ್ದ 50 ಗಂಡಸರನ್ನು ಬೇರೆ 60 ಮಂದಿಯೊಂದಿಗೆ ಹೋಲಿಸಿದರು. ಮೊದಲ ಗುಂಪಿನಲ್ಲಿ ಡಿಎನ್‌ಎ ಹಾನಿ ಎರಡರಷ್ಟಿತ್ತು. ಆದರೆ ಅವರು ವಯಸ್ಸಿನಲ್ಲೂ ದೊಡ್ಡವರು, ತೂಕವೂ ತುಸು ಹೆಚ್ಚು. ಸಣ್ಣ ಅಧ್ಯಯನ, ಅದನ್ನೇ ವೇದವಾಕ್ಯ ಮಾಡಿಕೊಳ್ಳಬೇಡ. ಆರಂಭದ ಗರ್ಭಪಾತಗಳಲ್ಲಿ ಸುಮಾರು ಅರ್ಧಕ್ಕೆ ವರ್ಣತಂತುಗಳ ಏರುಪೇರೇ ಕಾರಣ, ಅದು ಬಹುಪಾಲು ಆಕಸ್ಮಿಕ. ಇಷ್ಟು ದಿನ ಅವಳ ತಲೆಗೆ ಕಟ್ಟಿದ್ದ ತಪ್ಪನ್ನು ಈಗ ನಿನ್ನ ತಲೆಗೆ ಕಟ್ಟಲು ನಾನು ಹೊರಟಿಲ್ಲ.

ಸಮಾಧಾನದ ವಿಷಯವೂ ಇದೆ. ಹೆಣ್ಣಿನ ಅಂಡಾಣುಗಳು ಅವಳು ಹುಟ್ಟುವಾಗಲೇ ಜೊತೆಗಿರುತ್ತವೆ. ವೀರ್ಯಾಣು ಹಾಗಲ್ಲ, ಸುಮಾರು 74 ದಿನಗಳಲ್ಲಿ ಹೊಸದಾಗಿ ತಯಾರಾಗುತ್ತದೆ. ಇವತ್ತು ಅಭ್ಯಾಸ ಬದಲಿಸಿದರೆ ಮೂರು ತಿಂಗಳಲ್ಲಿ ಫಲ ಕಾಣಬಹುದು. ಸಿಗರೇಟು ಬಿಡು. ಹೊಟ್ಟೆಯ ಸುತ್ತಳತೆ ಇಳಿಸು. ಬೀಜಗಳು ಮೈಯ ಬಿಸಿಗಿಂತ ಎರಡು ಮೂರು ಡಿಗ್ರಿ ತಣ್ಣಗಿರಬೇಕು, ಲ್ಯಾಪ್‌ಟಾಪನ್ನು ತೊಡೆಯಿಂದ ಇಳಿಸಿ ಮೇಜಿನ ಮೇಲಿಡು. ಜಿಮ್ಮಿನಲ್ಲಿ ಯಾರಾದರೂ ಟೆಸ್ಟೋಸ್ಟೆರಾನ್ ಇಂಜೆಕ್ಷನ್ ಕೊಡುತ್ತೇನೆಂದರೆ ಅಲ್ಲಿಂದ ಎದ್ದು ಬಾ, ಅದು ವೀರ್ಯಾಣು ತಯಾರಿಯನ್ನೇ ನಿಲ್ಲಿಸಿಬಿಡಬಹುದು. ಬೀಜದ ಚೀಲದಲ್ಲಿ ರಕ್ತನಾಳ ಉಬ್ಬಿದ್ದರೆ, ಅಂದರೆ ವೆರಿಕೋಸೀಲ್ ಇದ್ದರೆ, ಯೂರಾಲಜಿಸ್ಟ್ ಕೈಯಲ್ಲಿ ಮುಟ್ಟಿ ನೋಡಿಯೇ ಹೇಳುತ್ತಾರೆ. ಅದಕ್ಕೆ ಚಿಕಿತ್ಸೆ ಇದೆ. ಮತ್ತೆ, ವೀರ್ಯ ಕೂಡಿಟ್ಟಷ್ಟೂ ಗಟ್ಟಿ ಎನ್ನುತ್ತಾರಲ್ಲ, ಅದು ಉಲ್ಟಾ ಮಾತು. ಬಹಳ ದಿನ ಒಳಗೇ ಉಳಿದ ವೀರ್ಯಾಣುಗಳ ಡಿಎನ್‌ಎ ಇನ್ನಷ್ಟು ಕೆಡುತ್ತದೆ.

ಮೆಡಿಕಲ್ ಶಾಪಿನ ‘ಪುರುಷ ಶಕ್ತಿ’ ಡಬ್ಬಿಗಳಿಗೆ ದುಡ್ಡು ಸುರಿಯಬೇಡ. ಅಮೆರಿಕದಲ್ಲಿ 2,370 ದಂಪತಿಗಳಲ್ಲಿ ಗಂಡಸರಿಗೆ ಸತುವು, ಫೋಲಿಕ್ ಆಸಿಡ್ ಕೊಟ್ಟು ನೋಡಿದ ಪ್ರಯೋಗದ ಫಲಿತಾಂಶ 2020ರಲ್ಲಿ ಪ್ರಕಟವಾಯಿತು. ಜೀವಂತ ಹೆರಿಗೆಗಳು ಹೆಚ್ಚಲಿಲ್ಲ. ಡಿಎನ್‌ಎ ಹಾನಿ ಮಾತ್ರ ಸ್ವಲ್ಪ ಹೆಚ್ಚೇ ಕಂಡಿತು.

ನಿಮ್ಮಮ್ಮ ಕುಕ್ಕೆಯಲ್ಲಿ ಆಶ್ಲೇಷ ಬಲಿ ಮಾಡಿಸಬೇಕೆಂದಿದ್ದಾಳೆ. ಹೋಗಿ ಬನ್ನಿ, ನನ್ನದೇನೂ ತಕರಾರಿಲ್ಲ. ಆದರೆ ಅದೇ ವಾರ ನಿನ್ನ ವೀರ್ಯ ಪರೀಕ್ಷೆಯೂ ಆಗಲಿ. ಜೊತೆಗೆ ಇಬ್ಬರ ವರ್ಣತಂತು ಪರೀಕ್ಷೆ ಬೇಕೇ ಎಂದು ಡಾಕ್ಟರನ್ನು ಕೇಳು. ಇಂಥ ದಂಪತಿಗಳಲ್ಲಿ ಕೆಲವರಿಗೆ, ಗಂಡನಿಗೋ ಹೆಂಡತಿಗೋ, ವರ್ಣತಂತುವಿನ ತುಂಡುಗಳು ಜಾಗ ಬದಲಿಸಿರುತ್ತವೆ. ನೋಡುವುದಕ್ಕೆ ಮನುಷ್ಯ ಗಟ್ಟಿಮುಟ್ಟಾಗಿಯೇ ಇರುತ್ತಾನೆ. ಏನೂ ಕಾರಣ ಸಿಗದೇ ಹೋದರೂ ಎದೆಗುಂದಬೇಡಿ. ಕಾರಣ ಸಿಗದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ಮಡಿಲು ಮುಂದೆ ತುಂಬಿದೆ.

ಡಾಕ್ಟರ ಹತ್ತಿರ ಇಬ್ಬರೂ ಒಟ್ಟಿಗೆ ಒಳಗೆ ಹೋಗಿ. ನೀನು ಹೊರಗೆ ಬೆಂಚಿನ ಮೇಲೆ ಕೂತು ಫೋನು ನೋಡಬೇಡ. ನಿನ್ನ ರಿಪೋರ್ಟು ಬಂದ ದಿನವೇ ನನಗೆ ವಾಟ್ಸಾಪ್ ಮಾಡು.

ಇಂತು,
ನಿನ್ನ ದೊಡ್ಡಮ್ಮ